ಬಾಯಾರದವನು

ಕ್ಲೆಮ್‌ಗೆ ಬಾಯಾರಿಕೆ ಎಂಬುದು ನಿಂತುಹೋಗಿ ಎರಡು ವರ್ಷವಾಗಿತ್ತು. ಕಡಿಮೆಯಾಗಿತ್ತು ಎಂದಲ್ಲ, ನಿಂತೇ ಹೋಗಿತ್ತು. ಬೇಸಿಗೆಯಲ್ಲಿ ಉಣ್ಣೆ ಶೆಡ್ಡಿನ ತಗಡು ಕಾದು ಕಾವಲಿಯಾದಾಗ ಮಿಕ್ಕವರೆಲ್ಲ ನೀರಿನ ಚೀಲಕ್ಕೆ ಬಾಯಿಹಚ್ಚಿ ಗಟಗಟ ಕುಡಿಯುತ್ತಿದ್ದರೆ, ಇವರಿಗೆಲ್ಲ ಏನು ಬಂತು ಎಂಬಂತೆ ಅವನು ನೋಡುತ್ತ ನಿಲ್ಲುತ್ತಿದ್ದ. ತುಟಿ ಒಡೆದಿರುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟಿರುತ್ತಿತ್ತು, ಆದರೂ ನೀರು ಬೇಕು ಅನ್ನಿಸುತ್ತಿರಲಿಲ್ಲ. ಕುಡಿ ಎಂದರೆ ಕುಡಿಯುತ್ತಿದ್ದ. ಹೇಳದಿದ್ದರೆ ಇಲ್ಲ.

ಅವನ ಹೆಂಡತಿ ನೊಲೀನ್ ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಿದ್ದರು. ನಾಯಿಗೆ, ಕುರಿಗೆ ತಿಳಿಯುವುದು ಮನುಷ್ಯನಿಗೆ ತಿಳಿಯದೆ ಇರುವುದುಂಟೆ? ಅಡಿಲೇಡಿನ ಆಸ್ಪತ್ರೆಯಲ್ಲಿ ಮೊದಲ ಸಲ ಕೇಳಿದಾಗ ಅವಳೂ ಡಾಕ್ಟರು ಏನೋ ಕಥೆ ಕಟ್ಟುತ್ತಿದ್ದಾರೆ ಅಂದುಕೊಂಡಿದ್ದಳು. ಕ್ಲೆಮ್‌ನ ಮಿದುಳಿನ ಮುಂಭಾಗದಲ್ಲಿ ಒಂದು ರಕ್ತನಾಳ ಉಬ್ಬಿ ಒಡೆದಿತ್ತು. ತಲೆಬುರುಡೆ ತೆರೆದು, ನಾಳಕ್ಕೆ ಕ್ಲಿಪ್ ಹಾಕಿ ಜೀವ ಉಳಿಸಿದ್ದರು. ಆದರೆ ಅದೇ ನಾಳದಿಂದ ಕೂದಲೆಳೆಯಂಥ ಕವಲುಗಳು ಒಂದು ಚಿಟಿಕೆಯಷ್ಟು ನರಕೋಶಗಳಿಗೆ ರಕ್ತ ಒದಗಿಸುತ್ತಿದ್ದವಂತೆ. ಅವು ಸತ್ತುಹೋಗಿದ್ದವು. ಮಿದುಳಿನ ಬೇರೆ ಕಡೆಯೆಲ್ಲ ರಕ್ತಕ್ಕೂ ಮಿದುಳಿಗೂ ನಡುವೆ ಬೇಲಿ ಇರುತ್ತದೆ, ಆ ಜಾಗದಲ್ಲಿ ಇಲ್ಲ. ಅಲ್ಲಿಯ ಕೋಶಗಳು ಹರಿದುಬರುವ ರಕ್ತವನ್ನು ನೇರವಾಗಿ ಪರೀಕ್ಷಿಸುತ್ತವೆ ಎಂದರು ಡಾಕ್ಟರು. ಉಪ್ಪು ಹೆಚ್ಚಾಯಿತೆ, ನೀರು ಕಡಿಮೆಯಾಯಿತೆ? ಹಾಗಾದರೆ ಎರಡು ಅಪ್ಪಣೆ ಹೊರಡುತ್ತವೆ. ಮನುಷ್ಯನಿಗೆ ಕುಡಿ ಎಂದು ಒಂದು, ಮೂತ್ರಪಿಂಡಕ್ಕೆ ನೀರು ಹೊರಗೆ ಬಿಡಬೇಡ ಎಂದು ಇನ್ನೊಂದು. ಕ್ಲೆಮ್‌ನಲ್ಲಿ ಎರಡೂ ಹೊರಡುವುದಿಲ್ಲ.

ಡಾಕ್ಟರು ಚಿತ್ರ ಬರೆದೂ ತೋರಿಸಿದರು. ನೊಲೀನ್ ಇಪ್ಪತ್ತು ವರ್ಷ ಕುರಿಯ ಉಣ್ಣೆ ಕತ್ತರಿಸುವವರ ತಂಡಗಳಿಗೆ ಅಡುಗೆ ಮಾಡಿದವಳು, ಚಿತ್ರಕ್ಕಿಂತ ಬೇಗ ಅವಳಿಗೆ ಅಡುಗೆಮನೆ ಹೊಳೆಯಿತು. ಎಲ್ಲರ ತಲೆಯೊಳಗೂ ಒಬ್ಬ ಅಡುಗೆಯವಳು ಕೂತು ಬಿಡುವಿಲ್ಲದೆ ರಕ್ತದ ಉಪ್ಪು ನೋಡುತ್ತಿದ್ದಾಳೆ, ಇವನ ತಲೆಯಲ್ಲಿ ಅವಳು ತೀರಿಕೊಂಡಿದ್ದಾಳೆ. ಇನ್ನು ಆ ಕೆಲಸವನ್ನು ಹೊರಗಿನಿಂದ ತಾನು ಮಾಡಬೇಕು ಎಂದು ಅವಳು ಅಂದೇ ಲೆಕ್ಕ ಹಾಕಿಕೊಂಡಳು.

ಮೂತ್ರಪಿಂಡದ ಅಪ್ಪಣೆಗೆ ಬದಲಾಗಿ ಬೆಳಿಗ್ಗೆ ಸಂಜೆ ಮೂಗಿಗೆ ಹೊಡೆದುಕೊಳ್ಳುವ ಒಂದು ಔಷಧಿ ಕೊಟ್ಟರು. ಬಾಯಾರಿಕೆಗೆ ಬದಲಾಗಿ ಕೊಡಲು ಅವರ ಹತ್ತಿರ ಏನೂ ಇರಲಿಲ್ಲ. ಅಳತೆಯಿಟ್ಟು ಕುಡಿಸಿ, ದಿನಾ ಬೆಳಿಗ್ಗೆ ತೂಕ ನೋಡಿ ಎಂದರು. ಎಂಬತ್ತೆರಡು ಕಿಲೋ ಇರಬೇಕು. ಒಂದು ಕಿಲೋ ಇಳಿದರೆ ಒಂದು ಲೀಟರ್ ಹೆಚ್ಚು ಕುಡಿಸಬೇಕು. ಇದಿಷ್ಟೇ ಆಗಿದ್ದರೆ ನೊಲೀನ್ ಸುಲಭವಾಗಿ ನಿಭಾಯಿಸುತ್ತಿದ್ದಳು. ತೊಂದರೆಯೆಂದರೆ, ಆ ಒಡೆದ ನಾಳ ಕ್ಲೆಮ್‌ನ ನೆನಪಿನಲ್ಲೂ ತೂತು ಮಾಡಿತ್ತು. ತೂತಿದೆ ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ. ನೀರು ಕುಡಿದೆಯಾ ಎಂದರೆ ಕುಡಿದೆ ಎನ್ನುತ್ತಿದ್ದ. ಸುಳ್ಳು ಹೇಳುವ ಗಂಡಸೇ ಅಲ್ಲ ಅವನು, ನಿಜವಾಗಿಯೂ ಕುಡಿದಿದ್ದೇನೆ ಎಂದೇ ನಂಬಿರುತ್ತಿದ್ದ.

ಮನೆಯಲ್ಲಿ ಕೂರಿಸಿದರೆ ಅವನು ಕೊರಗಿಯೇ ಸಾಯುತ್ತಾನೆ ಎಂದು ಆರು ತಿಂಗಳಲ್ಲೇ ಅವಳಿಗೆ ಗೊತ್ತಾಯಿತು. ಒಂದು ಕಾಲಕ್ಕೆ ದಿನಕ್ಕೆ ಇನ್ನೂರು ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಕೈ. ಮತ್ತೆ ತಂಡಕ್ಕೆ ಕರೆದುಕೊಂಡು ಬಂದಳು. ಕತ್ತರಿ ಹಿಡಿಯುವುದು ಆಗಲಿಲ್ಲ, ಆದರೆ ಉಣ್ಣೆಯನ್ನು ಯಂತ್ರದಲ್ಲಿ ಒತ್ತಿ ಮೂಟೆ ಮಾಡುವ ಕೆಲಸ ಚೆನ್ನಾಗಿಯೇ ಒಗ್ಗಿತು. ಮೂಟೆ ತೂಗುವ ತಕ್ಕಡಿಯ ಮೇಲೆ ಬೆಳಿಗ್ಗೆ ಮೊದಲು ಅವನೇ ನಿಲ್ಲುತ್ತಿದ್ದ. ನೊಲೀನ್ ಒಲೆ ಬಿಟ್ಟು ಬಂದು ಮುಳ್ಳು ನೋಡಿಕೊಂಡು ಹೋಗುತ್ತಿದ್ದಳು.

ಆಮೇಲೆ ಗಂಟೆ ಇತ್ತು. ಉಣ್ಣೆ ಶೆಡ್ಡಿನ ದಿನವೆಂದರೆ ಎರಡೆರಡು ಗಂಟೆಯ ನಾಲ್ಕು ಪಾಳಿ. ಪಾಳಿ ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ಗಂಟೆ ಬಾರಿಸುತ್ತಾರೆ. ಪ್ರಪಂಚ ಮುಳುಗಲಿ, ಗಂಟೆ ಒಂದು ನಿಮಿಷ ಆಚೀಚೆ ಆಗುವುದಿಲ್ಲ. ದಿನಕ್ಕೆ ಎಂಟು ಸಲ. ನೊಲೀನ್ ಯಂತ್ರದ ಪಕ್ಕದ ಮೊಳೆಗೆ ಒಂದು ದೊಡ್ಡ ತಗಡಿನ ಲೋಟ ತೂಗುಹಾಕಿ, ಗಂಟೆ ಕೇಳಿದಾಗ ಒಂದು ಲೋಟ ಎಂದು ಗಂಡನಿಗೆ ರೂಢಿ ಮಾಡಿಸಿದಳು. ಮೂರು ವಾರದಲ್ಲಿ ಅದು ಕೈಗೇ ಹತ್ತಿತು. ಗಂಟೆ ಕೇಳಿದರೆ ಕೈ ತಾನಾಗಿ ಮೊಳೆಯ ಕಡೆ ಹೋಗುತ್ತಿತ್ತು. ಅಂಥ ಬುದ್ಧಿ ತನಗೆ ಹೊಳೆಯಿತಲ್ಲ ಎಂದು ಅವಳು ಒಳಗೊಳಗೇ ಬೀಗಿದ್ದುಂಟು.

ಎಡವಟ್ಟಾದದ್ದು ತಂಡದವರ ಪ್ರೀತಿಯಿಂದ. ಐದು ಜನ ಕತ್ತರಿಯವರು, ಉಣ್ಣೆ ಎತ್ತುವ ಮೂವರು, ಎಲ್ಲರಿಗೂ ಕ್ಲೆಮ್ ಎಂದರೆ ಜೀವ. ಗಂಟೆ ಇರಲಿ ಬಿಡಲಿ, ಕಂಡಾಗೆಲ್ಲ ಕುಡಿದೆಯಾ, ಕುಡಿ ಅಂಕಲ್, ಲೋಟ ಎಲ್ಲಿ ಎಂದು ಎಂಟು ಬಾಯಿ ಅವನ ಹಿಂದೆ ಬಿದ್ದವು. ಕಕ್ಕಸಿಗೆ ಹೋಗಿ ಬಂದರೂ ವಿಚಾರಣೆ. ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಕ್ಲೆಮ್ ತುಂಬಿದ ಲೋಟವನ್ನು ಗೋಡೆಗೆ ಎಸೆದ. ಆಮೇಲೆ ಎದ್ದು ಹೊರಗೆ ಹೋಗಿ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತ. ಅವನು ಅತ್ತದ್ದನ್ನು ಮೂವತ್ತು ವರ್ಷದ ಸಂಸಾರದಲ್ಲಿ ನೊಲೀನ್ ಕಂಡಿರಲಿಲ್ಲ.

ಅವಳು ಸೌಟು ಕೈಯಲ್ಲೇ ಹಿಡಿದು ಮೇಜಿನ ತಲೆಯಲ್ಲಿ ನಿಂತಳು.

"ಕೇಳ್ರೋ ಎಲ್ಲಾ. ಅವನೇನು ನಿಮ್ಮ ತೊಟ್ಟಿಲ ಕೂಸಲ್ಲ. ಗಂಟೆ ಹೊಡೆದಾಗ ಒಂದು ಲೋಟ, ಮುಗೀತು. ಗಂಟೆ ಇಲ್ದೇ ಇರುವಾಗ ಯಾರಾದ್ರೂ ಅವನ ಮುಂದೆ ನೀರು ಅಂತ ಬಾಯಿ ಬಿಟ್ರೆ ಅವತ್ತು ಅವರಿಗೆ ಊಟ ಇಲ್ಲ. ಮಿಕ್ಕಿದ್ದು ನಾನು ನೋಡ್ಕೋತೀನಿ."

ತಮಾತಿ ತಂಡದ ಪ್ರತಿನಿಧಿ, ಎಲ್ಲರಿಗಿಂತ ವೇಗದ ಕತ್ತರಿಯವನು, ನ್ಯೂಜಿಲೆಂಡಿನ ಮಾವೊರಿ ಜನಾಂಗದವನು. ಅವನೂ ಅವನ ತಂಗಿ ಹೀನಿಯೂ ನೊಲೀನ್‌ಳನ್ನು ಆಂಟಿ ಎಂದೇ ಕರೆಯುತ್ತಿದ್ದರು. ಅವನು ಎದ್ದುನಿಂತು, ಗಂಟೆಗೆ ಮಾತ್ರ, ತಂಡದ ಮಾತು ಕೊಟ್ಟಿದ್ದೀವಿ ಆಂಟಿ ಎಂದ. ಕತ್ತರಿಯವರು ಮಾತು ಕೊಟ್ಟರೆ ಕೊಟ್ಟಂತೆ. ಅವತ್ತಿನಿಂದ ಒಬ್ಬನೂ ಕ್ಲೆಮ್ ಮುಂದೆ ನೀರಿನ ಸುದ್ದಿ ಎತ್ತಲಿಲ್ಲ. ಶನಿವಾರ ಭಾನುವಾರ ಗಂಟೆ ಇರುವುದಿಲ್ಲವಲ್ಲ, ಆಗ ನೊಲೀನ್ ಒಬ್ಬಳೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಆಗಸ್ಟಿನಲ್ಲಿ ತಂಡ ಕೂರಬಿನ್ ಎಂಬ ಜಮೀನಿಗೆ ಬಂತು. ಬ್ರೋಕನ್ ಹಿಲ್ ಊರಿನಿಂದ ಇನ್ನೂರು ಕಿಲೋಮೀಟರು, ಅದರಲ್ಲಿ ನೂರ ಐವತ್ತು ಮಣ್ಣು ರಸ್ತೆ. ಅಲ್ಲಿ ನೊಲೀನ್‌ಳ ದವಡೆ ಹಲ್ಲು ಕೆಟ್ಟಿತು. ಲವಂಗ ಇಟ್ಟಳು, ರಮ್ ಇಟ್ಟಳು, ಹತ್ತು ದಿನ ಹಲ್ಲುಕಚ್ಚಿಯೂ ಕೂರಲಾಗದೆ ನರಳಿದಳು. ಕೊನೆಗೆ ಕೆನ್ನೆ ಊದಿತು. ಹಲ್ಲಿನ ಡಾಕ್ಟರನ್ನು ನೋಡಲು ಅವಳು ಆರಿಸಿಕೊಂಡದ್ದು ಬುಧವಾರ. ಕೆಲಸದ ದಿನವಾದ್ದರಿಂದ ಗಂಟೆ ಇರುತ್ತದೆ. ಒಂದು ರಾತ್ರಿಯ ಮಾತು, ಗುರುವಾರ ಮಧ್ಯಾಹ್ನದ ಊಟಕ್ಕೆ ವಾಪಸ್ಸು. ಹೀನಿಗೆ ಅಡುಗೆಮನೆ ಒಪ್ಪಿಸಿ, ಫ್ರಿಜ್ಜಿನಲ್ಲಿದ್ದ ಮೂಗಿನ ಔಷಧಿ ತೋರಿಸಿ, ಬೆಳಿಗ್ಗೆ ಸಂಜೆ ಅವನ ಕೈಗೆ ಕೊಡು, ಅಷ್ಟು ಸಾಕು ಎಂದು ಹೇಳಿ ಹೊರಟಳು. ಕ್ಲೆಮ್ ಯಂತ್ರದ ಹತ್ತಿರದಿಂದಲೇ ಕೈಬೀಸಿದ. ಅವನಿಗೆ ಸಣ್ಣಗೆ ನೆಗಡಿಯಾಗಿತ್ತು, ಅದನ್ನು ಅವಳು ಗಮನಿಸಿಯೂ ಇದ್ದಳು.

ಬುಧವಾರ ಸಂಜೆ ಹಲ್ಲು ಹೋಯಿತು. ಅದೇ ಸಂಜೆ ಮಳೆ ಹಿಡಿಯಿತು.

ಆ ಸೀಮೆಯಲ್ಲಿ ಮಳೆ ಬಂದರೆ ಮಣ್ಣು ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ. ಗುರುವಾರ ಬೆಳಿಗ್ಗೆ ಪೊಲೀಸರು ಅಡ್ಡಗಟ್ಟೆ ಹಾಕಿ ರಸ್ತೆ ಮುಚ್ಚಿದರು. ನೊಲೀನ್ ತಂಗಿದ್ದ ವಸತಿಗೃಹದಿಂದ ಕೂರಬಿನ್ ಮಾಲೀಕರ ಮನೆಗೆ ಫೋನ್ ಮಾಡಿದಳು. ಶೆಡ್ಡು ಅಲ್ಲಿಂದ ಐದು ಕಿಲೋಮೀಟರು ದೂರ, ಅಲ್ಲಿ ಫೋನಿಲ್ಲ, ವೈರ್‌ಲೆಸ್ ಮಾತ್ರ. ಮಾಲೀಕನ ಹೆಂಡತಿ ಐಲ್ಸಾ ವಿಚಾರಿಸಿ ಹೇಳಿದಳು: ನಡುವಿನ ಹಳ್ಳ ತುಂಬಿದೆ, ಆದರೆ ತಂಡದವರೆಲ್ಲ ಕ್ಷೇಮ. ಕುರಿ ನೆನೆದಿವೆ, ಚೀಟಿ ಹಾಕಿದರು, ಮೂರಕ್ಕೆ ಎರಡು, ತೇವ ಎಂದು ಆಯಿತು.

ನೆನೆದ ಕುರಿಯ ಉಣ್ಣೆ ಕತ್ತರಿಸಿದರೆ ಕತ್ತರಿಯವರ ಮೈಗೆ ಹುಣ್ಣು, ಕೀಲಿಗೆ ನೋವು. ಅದಕ್ಕೇ ಕತ್ತರಿಯವರು ತಲಾ ಎರಡು ಕುರಿ ಕತ್ತರಿಸಿ ನೋಡಿ, ತೇವ ಅಥವಾ ಒಣ ಎಂದು ಚೀಟಿ ಬರೆದು ಟೋಪಿಗೆ ಹಾಕುತ್ತಾರೆ. ತೇವ ಎಂದು ಬಿದ್ದರೆ ಅವತ್ತು ಕೆಲಸವಿಲ್ಲ, ಯಾವ ಮಾಲೀಕನೂ ಕಮಕ್ ಕಿಮಕ್ ಅನ್ನುವಂತಿಲ್ಲ. ಆ ಹಕ್ಕಿಗಾಗಿ ಕ್ಲೆಮ್‌ನ ಅಪ್ಪ ಜೈಲಿಗೂ ಹೋಗಿಬಂದಿದ್ದ. ಸುದ್ದಿ ಕೇಳಿ ನೊಲೀನ್‌ಗೆ ಸಂತೋಷವೇ ಆಯಿತು. ನೆಗಡಿಯಾದವನಿಗೆ ಒಂದು ದಿನ ವಿಶ್ರಾಂತಿ ಸಿಗುತ್ತದೆ ಅಂದುಕೊಂಡು, ಊದಿದ ಕೆನ್ನೆಗೆ ಮಾತ್ರೆ ನುಂಗಿ ಮಲಗಿದಳು. ಸಂಜೆಯೂ ಫೋನ್ ಮಾಡಿದಳು. ಎಲ್ಲರೂ ಕ್ಷೇಮ ಎಂದೇ ಉತ್ತರ ಬಂತು.

ಶುಕ್ರವಾರ ಮಧ್ಯಾಹ್ನ ಹಲ್ಲಿನ ಡಾಕ್ಟರು ಹೇಳಿದಂತೆ ಅವಳು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ಎರಡು ಗುಟುಕು ಹೊಟ್ಟೆಗೂ ಹೋಯಿತು. ಸ್ವಲ್ಪ ಹೊತ್ತಿಗೆ ಬಾಯಿ ಆರಿತು. ಯೋಚಿಸದೆ ನಲ್ಲಿ ತಿರುಗಿಸಿ ಒಂದು ಗ್ಲಾಸು ಕುಡಿದಳು, ಇನ್ನೊಂದು ಕುಡಿದಳು. ಮೂರನೆಯ ಗ್ಲಾಸನ್ನು ತುಟಿಗೆ ಇಟ್ಟಾಗ ಅವಳ ಕೈ ನಿಂತಿತು. ನನಗೆ ಯಾರೂ ಕುಡಿ ಎಂದು ಹೇಳಲಿಲ್ಲವಲ್ಲ. ತೇವದ ದಿನ ಕೆಲಸವಿಲ್ಲ. ಕೆಲಸವಿಲ್ಲದ ದಿನ ಗಂಟೆಯಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಅವಳು ಬರಿಗಾಲಲ್ಲೇ ಫೋನಿಗೆ ಓಡಿದಳು.

ಐಲ್ಸಾ ಒಳ್ಳೆಯ ಹೆಂಗಸು. ಹೆಚ್ಚು ಕೇಳದೆ ಫೋನಿನ ಕಿವಿಯನ್ನು ವೈರ್‌ಲೆಸ್ಸಿನ ಬಾಯಿಗೆ ಹಿಡಿದಳು. ಗುಂಡಿ ಒತ್ತಿದಾಗ ಈ ಕಡೆಯವರು, ಬಿಟ್ಟಾಗ ಆ ಕಡೆಯವರು ಮಾತಾಡಬೇಕು. ಆ ಕಡೆ ವೈರ್‌ಲೆಸ್ಸನ್ನು ಕ್ಲೆಮ್‌ನ ಹಾಸಿಗೆಗೇ ಒಯ್ದುಕೊಟ್ಟರು. ಸುತ್ತಿನ ಎಲ್ಲ ಜಮೀನಿನವರೂ ಕೇಳಿಸಿಕೊಳ್ಳುತ್ತಿರುತ್ತಾರೆ ಎಂಬುದು ನೊಲೀನ್‌ಗೆ ಗೊತ್ತಿತ್ತು, ಅದರ ಪರಿವೆ ಇರಲಿಲ್ಲ.

"ಕ್ಲೆಮ್, ನಾನು."

"ಗೊತ್ತು ಕಣೆ. ಹಲ್ಲು ಕಿತ್ರಾ?"

"ಕಿತ್ರು. ನೀರು ಕುಡಿದ್ಯಾ?"

"ಕುಡಿದೆ."

"ಎಷ್ಟು ಕುಡಿದೆ?"

"ಗಂಟೆ ಹೊಡೆದಾಗೆಲ್ಲ ಕುಡಿದೆ."

ಮಾತಿನ ನಡುವೆ ನಾಲಿಗೆ ಅಂಗುಳದಿಂದ ಬಿಡಿಸಿಕೊಳ್ಳುವ ಚಪ್ ಚಪ್ ಸದ್ದು ವೈರ್‌ಲೆಸ್ಸಿನಲ್ಲೂ ಕೇಳುತ್ತಿತ್ತು. ಮಾತು ತೊದಲುತ್ತಿತ್ತು.

ತಮಾತಿಯನ್ನು ಕರೆಸಿ ಒಂದೊಂದೇ ಕೇಳಿದಳು. ಇಲ್ಲ, ನೀರು ಯಾರೂ ಕೊಟ್ಟಿಲ್ಲ, ಗಂಟೆ ಇರಲಿಲ್ಲವಲ್ಲ. ಹೀನಿ ಚಹಾ ಇಟ್ಟಿದ್ದಳು, ಎತ್ತುವಾಗ ಕಪ್ಪು ತುಂಬಿಯೇ ಇತ್ತು, ತನ್ನ ಚಹಾ ಅವನಿಗೆ ಸೇರಲಿಲ್ಲ ಅಂದುಕೊಂಡಳು. ಔಷಧಿಯನ್ನು ಮರೆಯದೆ ಕೊಟ್ಟಿದ್ದಾಳೆ. ಆದರೆ ಎರಡು ದಿನದಿಂದ ಅಂಕಲ್ ಹತ್ತು ನಿಮಿಷಕ್ಕೊಮ್ಮೆ ಮಳೆಯಲ್ಲೇ ಉಚ್ಚೆಗೆ ಎದ್ದು ಹೋಗುತ್ತಿದ್ದ; ಮಳೆ ಸಾಲದು ಅಂತ ನೀನೂ ಹಳ್ಳ ತುಂಬಿಸ್ತಿದೀಯಾ ಎಂದು ಹುಡುಗರು ರೇಗಿಸಿದ್ದರು. ಇವತ್ತು ಬೆಳಿಗ್ಗೆಯಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ನೆಗಡಿ ಜೋರು, ಮಲಗಲಿ ಬಿಡು ಅಂದುಕೊಂಡೆವು. ಹೇಳುತ್ತ ಹೇಳುತ್ತ ತಮಾತಿಯ ದನಿ ಇಳಿಯಿತು, ತಾನೇನು ಹೇಳುತ್ತಿದ್ದೇನೆ ಎಂದು ಅವನಿಗೂ ಆಗ ಗೊತ್ತಾಗುತ್ತಿತ್ತು.

ನೊಲೀನ್ ದೂರದ ಜಮೀನುಗಳಿಗೆ ವಿಮಾನದಲ್ಲೇ ಹೋಗಿ ನೋಡುವ ಡಾಕ್ಟರಿಗೆ ಫೋನ್ ಮಾಡಿದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಆದರೆ ಒಂದು ಮಾತು ವ್ಯರ್ಥ ಮಾಡಲಿಲ್ಲ. ಮೊದಲು ಕೇಳಿದ್ದು, ಅವನ ಮೂಗು ಕಟ್ಟಿದೆಯಾ? ಕಟ್ಟಿದ ಮೂಗಿಗೆ ಔಷಧಿ ಹೊಡೆದರೆ ಅದು ರಕ್ತಕ್ಕೆ ಸೇರುವುದೇ ಇಲ್ಲ, ಗಾಳಿಗೆ ಹೊಡೆದಂತೆ. ನೊಲೀನ್ ಎರಡು ವರ್ಷದಲ್ಲಿ ಇದೊಂದನ್ನು ಕೇಳಿರಲಿಲ್ಲ, ಕೇಳಿದ್ದರೆ ಮರೆತಿದ್ದಳು. ಅಂದರೆ ಅವನ ಮೈಗೆ ಎರಡು ಅಪ್ಪಣೆಗಳೂ ಇಲ್ಲ. ಒಳಗಿನ ನೀರೆಲ್ಲ ಹೊರಗೆ ಹೋಗುತ್ತಿದೆ, ಹೊರಗಿನದು ಒಳಗೆ ಬರುತ್ತಿಲ್ಲ. ಡಾಕ್ಟರಮ್ಮ ತಾವೂ ವೈರ್‌ಲೆಸ್ಸಿಗೆ ಬಂದು, ತೂಕ ಎಷ್ಟು ಎಂದರು. ಮೂವರು ಗಂಡಸರು ಕ್ಲೆಮ್‌ನನ್ನು ಟಾರ್ಪಾಲಿನಲ್ಲಿ ಸುತ್ತಿ ಕೆಸರಿನಲ್ಲಿ ಹೊತ್ತು ಶೆಡ್ಡಿಗೆ ಒಯ್ದು, ಉಣ್ಣೆ ಮೂಟೆಯ ತಕ್ಕಡಿಯ ಮೇಲೆ ಕೂರಿಸಿದರು. ಎಪ್ಪತ್ತೈದೂವರೆ.

ಅದೇ ಔಷಧಿಯ ಚುಚ್ಚುಮದ್ದು ವಿಮಾನದಲ್ಲಿದೆ, ಆದರೆ ಕೂರಬಿನ್ನಿನ ಮಣ್ಣಿನ ಇಳಿದಾಣ ಗಂಜಿಯಂತಾಗಿದೆ, ಇಳಿಸಿದರೆ ವಿಮಾನ ಮಗುಚುತ್ತದೆ. ಹೆಲಿಕಾಪ್ಟರು ಪ್ರವಾಹದಲ್ಲಿ ಮನೆಯ ಮೇಲೆ ಹತ್ತಿ ಕೂತವರನ್ನು ಇಳಿಸಲು ಎಲ್ಲೋ ಪೂರ್ವಕ್ಕೆ ಹೋಗಿದೆ. ಬಾಯಲ್ಲೇ ಕುಡಿಸಿ, ಆದರೆ ಸ್ವಲ್ಪ ಸ್ವಲ್ಪ, ಅರ್ಧ ಗಂಟೆಗೆ ಒಂದು ಲೋಟಕ್ಕಿಂತ ಹೆಚ್ಚು ಬೇಡ ಎಂದರು. ಒಣಗಿ ಕುಗ್ಗಿದ ಮಿದುಳಿಗೆ ಒಂದೇ ಸಲ ನೀರು ಸುರಿದರೆ ಉಬ್ಬಿಕೊಂಡುಬಿಡುತ್ತದಂತೆ. ಕಡಿಮೆಯಾದರೆ ಸಾವು, ಹೆಚ್ಚಾದರೂ ಸಾವು ಎಂದರೆ ಯಾವ ಹೆಂಗಸು ತಾನೇ ಏನು ಮಾಡಿಯಾಳು?

ಆದರೆ ಕ್ಲೆಮ್ ಕುಡಿಯಲಿಲ್ಲ. ಮಂಪರಿನಲ್ಲಿದ್ದ ಅವನು ಲೋಟ ತುಟಿಗೆ ಇಟ್ಟರೆ ತಲೆ ತಿರುಗಿಸುತ್ತಿದ್ದ, ಹಲ್ಲು ಬಿಗಿಹಿಡಿಯುತ್ತಿದ್ದ. ಹೀನಿ ಬೇಡಿಕೊಂಡಳು. ನೊಲೀನ್ ಇನ್ನೂರು ಕಿಲೋಮೀಟರ್ ಆಚೆಯಿಂದ ಫೋನಿನಲ್ಲಿ ಕೂಗಿದಳು. ಆಗ ಅವಳಿಗೆ ಗಂಟೆ ನೆನಪಾಯಿತು.

"ತಮಾತಿ, ಗಂಟೆ ಬಾರಿಸು."

ತೇವ ಎಂದು ಚೀಟಿ ಬಿದ್ದ ಮೇಲೆ, ಮತ್ತೆ ಚೀಟಿ ಹಾಕುವವರೆಗೆ ಯಾರೂ ಗಂಟೆ ಮುಟ್ಟುವುದಿಲ್ಲ. ಮುಟ್ಟಿದರೆ ಕೆಲಸ ಶುರುವಾಯಿತು ಎಂದು ಅರ್ಥ, ಚೀಟಿ ಮುರಿದಂತೆ. ಮುಂದೆ ಯಾವ ಮಾಲೀಕನಾದರೂ ಅದನ್ನೇ ಹಿಡಿದು ಜಗ್ಗಬಹುದು. ಪ್ರತಿನಿಧಿಯಾಗಿದ್ದ ಕಾಲದಲ್ಲಿ ಕ್ಲೆಮ್ ಇದೇ ವಿಷಯಕ್ಕೆ ಒಬ್ಬ ಮಾಲೀಕನ ಕೊರಳಪಟ್ಟಿ ಹಿಡಿದಿದ್ದ. ನೊಲೀನ್‌ಗೆ ಇದೆಲ್ಲ ಗೊತ್ತು. ವೈರ್‌ಲೆಸ್ಸಿನಲ್ಲಿ ತಮಾತಿ ಕತ್ತರಿಯವರನ್ನು ಕರೆಯುವುದು, ಕಾಗದ ಹರಿಯುವುದು ಕೇಳಿಸಿತು. ಆ ಹೊತ್ತಿನಲ್ಲೂ ಅವರು ಚೀಟಿ ಬರೆದು ಟೋಪಿಗೆ ಹಾಕಿದರು. ಐದಕ್ಕೆ ಐದು, ಬಾರಿಸಿ ಎಂದು ಬಂತು.

ನಡುವೆ ಮಾಲೀಕನ ಹೆಂಡತಿ ಐಲ್ಸಾ ಹೇಳಿದಳು, "ಬಾರಿಸ್ರಪ್ಪಾ, ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ."

ಗಂಟೆ ಹೊಡೆಯಿತು. ಹೀನಿ ಅಲ್ಲಿಂದಲೇ ಹೇಳುತ್ತಿದ್ದಳು: ಕಣ್ಣು ಬಿಟ್ಟಿಲ್ಲ ಆಂಟಿ, ಆದರೆ ಕೈ ಎತ್ತಿದ, ಗೋಡೆ ಕಡೆಗೆ ಕೈ ಚಾಚ್ತಿದಾನೆ. ಲೋಟ ಕೈಗಿಟ್ಟರು, ಕುಡಿದ. ಶೆಡ್ಡಿನಲ್ಲಿ ಎಲ್ಲರೂ ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ನೊಲೀನ್‌ಗೆ ತಿಳಿಯಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಬಾರಿಸಿದರು, ಮತ್ತೆ ಕುಡಿದ. ಮೂರನೆಯ ಸಲ ಅರ್ಧ ಕುಡಿದ. ನಾಲ್ಕನೆಯ ಸಲ ಕೈ ಮೇಲೆದ್ದಿತು, ನೀರು ಬಾಯಿಗೂ ಹೋಯಿತು, ಆದರೆ ಗಂಟಲು ನುಂಗಲಿಲ್ಲ. ಕೆಮ್ಮಿ ಕೆಮ್ಮಿ ನೀಲಿಗಟ್ಟಿದ. ಮಗುಚಿ ಬೆನ್ನಿಗೆ ಗುದ್ದಿ ಉಸಿರು ತಂದರು.

ಸಾಕು ನಿಲ್ಲಿಸಿ, ನೀರು ಶ್ವಾಸಕ್ಕೆ ಹೋಗುತ್ತೆ, ಇನ್ನು ಒಂದು ಹನಿಯನ್ನೂ ಬಾಯಿಗೆ ಹಾಕಬೇಡಿ ಎಂದರು ಡಾಕ್ಟರಮ್ಮ. ವಿಮಾನ ಇಳಿಯುವವರೆಗೆ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಿರಿ, ಅಷ್ಟೇ.

ಅಷ್ಟೇ ಮಾಡಿದರು. ಹೊರಗೆ ಮಳೆ ಸುರಿಯುತ್ತಿತ್ತು, ತೊಟ್ಟಿಗಳು ತುಂಬಿ ಚೆಲ್ಲುತ್ತಿದ್ದವು, ಹಳ್ಳದಲ್ಲಿ ಒಂಟೆ ಮುಳುಗುವಷ್ಟು ನೀರು. ಎಂಟು ಜನ ಗಟ್ಟಿಮುಟ್ಟಾದವರು ಸುತ್ತ ಕೂತು ಒಬ್ಬ ಮನುಷ್ಯ ನೀರಿಲ್ಲದೆ ಒಣಗುವುದನ್ನು ನೋಡುತ್ತಿದ್ದರು. ನೊಲೀನ್‌ಗೆ ನೋಡುವುದಕ್ಕೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ತಡೆಯಲಾರದೆ ಪೊಲೀಸರ ಅಡ್ಡಗಟ್ಟೆ ಸುತ್ತುಹಾಕಿ ವ್ಯಾನು ನುಗ್ಗಿಸಿದಳು. ಇಪ್ಪತ್ತು ಕಿಲೋಮೀಟರಿಗೆ ಗಾಲಿ ಅಚ್ಚಿನವರೆಗೆ ಹೂತವು. ಕೈಯಿಂದ ಕೆಸರು ತೋಡಿದಳು, ಪೊದೆ ಮುರಿದು ಗಾಲಿಯಡಿ ಹಾಕಿದಳು, ಎಂಜಿನ್ನು ಕೂಗಿಸಿದಳು. ಗಾಡಿ ಇನ್ನಷ್ಟು ಕೆಳಗೆ ಕೂತಿತು. ರಸ್ತೆ ಕೆಲಸದವನೊಬ್ಬ ಟ್ರ್ಯಾಕ್ಟರಿನಲ್ಲಿ ಬಂದು ಬೈಯುತ್ತ ಎಳೆದು ಊರಿಗೆ ವಾಪಸ್ಸು ತಂದು ಬಿಟ್ಟ. ದಾರಿಯಲ್ಲಿ ಅವಳ ಕಥೆ ಕೇಳಿ ಬೈಗುಳ ನಿಲ್ಲಿಸಿ, ತನ್ನ ಫ್ಲಾಸ್ಕಿನ ಚಹಾ ಕೊಟ್ಟ. ಅವಳಿಗೆ ಬಾಯಾರಿತ್ತು, ಕುಡಿದಳು, ಕುಡಿದದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟಳು.

ಮಳೆ ಶನಿವಾರ ಸಂಜೆ ನಿಂತಿತು. ಭಾನುವಾರ ಬೆಳಗಾಗುತ್ತಲೇ ತಮಾತಿಯ ತಂಡ ಎದೆಮಟ್ಟದ ಹಳ್ಳವನ್ನು ಹಗ್ಗ ಕಟ್ಟಿ ದಾಟಿ ಇಳಿದಾಣಕ್ಕೆ ಹೋಯಿತು. ಸಲಿಕೆ ಹಿಡಿದು ಗುಂಡಿಗಳ ನೀರು ಎತ್ತಿಹಾಕಿ ಕಲ್ಲುಪುಡಿ ತುಂಬಿದರು. ಮಾಲೀಕ ಜೀಪನ್ನು ಎಂಬತ್ತರ ವೇಗದಲ್ಲಿ ಓಡಿಸಿ ತೋರಿಸಿದ ಮೇಲೆ ವಿಮಾನ ಹೊರಟಿತು. ಕ್ಲೆಮ್‌ನನ್ನು ಬಾಗಿಲ ಹಲಗೆಗೆ ಕಟ್ಟಿ ನಾಲ್ವರು ತಲೆಯ ಮೇಲೆತ್ತಿ ಹಳ್ಳ ದಾಟಿಸಿದರು. ಮಧ್ಯಾಹ್ನ ಒಂದೂವರೆಗೆ ಅವನು ಬ್ರೋಕನ್ ಹಿಲ್ ಆಸ್ಪತ್ರೆಯಲ್ಲಿದ್ದ.

ರಕ್ತದಲ್ಲಿ ಉಪ್ಪಿನಂಶ ನೂರ ನಲವತ್ತು ಇರಬೇಕಾದದ್ದು ನೂರ ಎಂಬತ್ತೊಂದು ಇತ್ತು. ಮಿದುಳು ಕುಗ್ಗಿದಾಗ ಸಣ್ಣ ನಾಳಗಳು ಎಳೆದುಕೊಂಡು ಹರಿದಿವೆ, ರಕ್ತ ಒಳಗೆ ಹರಡಿದೆ ಎಂದರು. ತೋಳಿಗೆ ಹನಿಹನಿಯಾಗಿ ನೀರು ಬಿಟ್ಟರು. ನೊಲೀನ್ ಎರಡು ದಿನ ಆ ಹನಿ ಎಣಿಸುತ್ತ ಕೂತಳು. ಅವನ ಮುಂಗೈಯ ಚರ್ಮ ಚಿವುಟಿ ಬಿಟ್ಟರೆ ಭಾನುವಾರ ಗೋಪುರದಂತೆ ಎದ್ದೇ ನಿಂತಿತ್ತು, ಮಂಗಳವಾರ ಸರಕ್ಕನೆ ಕೂತಿತು. ಮೈ ಸರಿಹೋಯಿತು ಎಂದು ಅವಳು ನರ್ಸನ್ನು ಕರೆದು ತೋರಿಸಿದಳು. ನರ್ಸು ತಲೆಯಾಡಿಸಿದಳು. ಉಪ್ಪು ಇಳಿದಿತ್ತು, ನೀರು ಸರಿಯಾಗಿತ್ತು, ಕ್ಲೆಮ್ ಮಾತ್ರ ಕಣ್ಣು ತೆರೆಯಲಿಲ್ಲ. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಅವಳು ಅವನ ಮುಖ ಒರೆಸುತ್ತಿದ್ದಾಗ, ಉಸಿರು ನಿಂತಿತು.

ರಸ್ತೆ ತೆರೆದಿತ್ತು. ಮಧ್ಯಾಹ್ನದ ಹೊತ್ತಿಗೆ ತಂಡ ಬಂತು. ಆಸ್ಪತ್ರೆಯ ಜಗಲಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಸಾಲಾಗಿ ನಿಂತರು. ಹೀನಿ ನೊಲೀನ್‌ಳ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. ಗುರುವಾರ ತೇವ ಎಂದು ಬರೆದ ಮೂರು ಚೀಟಿಯಲ್ಲಿ ಒಂದು ತನ್ನದು ಎಂದು ತಮಾತಿ ಹೇಳಿದ. ಕುರಿ ಅಷ್ಟೇನೂ ನೆನೆದಿರಲಿಲ್ಲ, ಸೊಂಟ ನೋಯುತ್ತಿತ್ತು ಎಂದ. ನೊಲೀನ್ ಅವನನ್ನು ತಡೆದಳು. ಚೀಟಿ ಹಾಕುವುದು ನಿಮ್ಮ ಹಕ್ಕು, ಅದನ್ನು ಕ್ಲೆಮ್‌ನ ಹೆಣದ ಮುಂದೆ ಯಾರೂ ಜರೆಯಬೇಡಿ ಎಂದಳು. ತಪ್ಪು ಮಾಡಿದ್ದು ನಾನು, ಬಾಯಿ ಮುಚ್ಚಿಸಿದ್ದು ನಾನು, ಒಬ್ಬನಾದರೂ ನನ್ನ ಮಾತು ಮೀರಿ ಒಂದು ಲೋಟ ಒಯ್ದಿದ್ದರೆ ಎಂದು ಹೇಳಹೊರಟವಳು ಅವನ ಮುಖ ನೋಡಿ ನಿಲ್ಲಿಸಿದಳು.

"ಒಯ್ದಿದ್ದೆ ಆಂಟಿ," ಅಂದ ತಮಾತಿ. "ಗುರುವಾರ ಮಧ್ಯಾಹ್ನ. ಯಾಕೋ ಮನಸ್ಸು ತಡೀಲಿಲ್ಲ. ಗಂಟೆ ಹೊಡೀತಾ ಅಂತ ಕೇಳಿದ. ಇಲ್ಲ ಅಂದೆ. ಹಾಗಾದ್ರೆ ನೊಲೀನ್ ಏನು ಹೇಳಿದಾಳೆ ನೆನಪಿಲ್ವಾ, ನಡಿ ಆಚೆ ಅಂದ. ಮಾತು ಕೊಟ್ಟಿದ್ವಲ್ಲ, ವಾಪಸ್ ಬಂದೆ."

ಅವನು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ.

"ಬರ್ತಾ ಆ ನೀರು ನಾನೇ ಕುಡಿದುಬಿಟ್ಟೆ. ಬಾಯಾರಿತ್ತು."